ಕೊರಳ ಗಂಟು, ಒಂದು ಹೆಸರಿನ ಭಾರ

ಅರಸೀಕೆರೆಯ ಬಯಲುಸೀಮೆಯ ತೆಂಗಿನ ತೋಟಗಳ ನಡುವಣ ಊರೊಂದರಲ್ಲಾಗಲಿ, ಬೇಲೂರಿನಿಂದ ಪಡುವಣಕ್ಕೆ ಮಲೆನಾಡಿನ ಕಡೆಗೆ ಹೋಗುವ ದಾರಿಯ ಕಾಫಿತೋಟದಲ್ಲಾಗಲಿ, ಒಬ್ಬ ಗೃಹಿಣಿಯ ಕೊರಳಿನ ಮುಂಭಾಗದಲ್ಲಿ ನೋವಿಲ್ಲದ ಗಂಟೊಂದು ಕಾಣಿಸಿಕೊಂಡಿತೆಂದರೆ, ಆ ಮನೆಯ ಜಗಲಿಯ ಮೇಲೆ ಎರಡು ಬಗೆಯ ಬುದ್ಧಿವಾದಗಳು ಕೇಳಿಬರುತ್ತವೆ. “ಗಂಟಿಗೆ ಸೂಜಿ ಹಾಕಿಸಬೇಡಿ, ಕೆರಳುತ್ತೆ, ಕತ್ತಿ ತಾಗಿತೋ, ಮೈಯೆಲ್ಲ ಹರಡುತ್ತೆ” ಎಂಬುದು ಹಿರಿಯರ ಮಾತು. “ಕ್ಯಾನ್ಸರ್ ಅಂದಮೇಲೆ ಒಂದು ದಿನವೂ ತಡಮಾಡಬಾರದು, ಇವತ್ತೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಪೂರ್ತಿ ತೆಗೆಸಿಬಿಡಿ, ಕರೆಂಟು ಕೊಡಿಸಿ” ಎಂಬುದು ಓದಿದ ಕಿರಿಯರ ಮಾತು. ಒಂದು ಮುಚ್ಚಿಡೆನ್ನುತ್ತದೆ, ಇನ್ನೊಂದು ಕಿತ್ತುಹಾಕೆನ್ನುತ್ತದೆ. ಆದಕಾರಣ ಇವೆರಡೂ ಪರಸ್ಪರ ವಿರುದ್ಧವೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ತುಸು ನಿಧಾನಿಸಿ ವಿಚಾರಿಸಿದವರಿಗೆ ಎರಡರ ಬುಡವೂ ಒಂದೇ ಎಂಬುದು ಗೋಚರವಾದೀತು. ಕ್ಯಾನ್ಸರ್ ಎಂಬ ಹೆಸರು ಒಂದಾಗಿರುವಂತೆ ಆ ವ್ಯಾಧಿಯೂ ಒಂದೇ, ಹೆಸರು ಬಿದ್ದಲ್ಲಿಗೆ ತೀರ್ಪೂ ಆದಂತೆಯೇ ಎಂಬ ಪೂರ್ವಗ್ರಹವೇ ಆ ಬುಡ. ಥೈರಾಯ್ಡ್ ಗ್ರಂಥಿಯ ವಿಷಯದಲ್ಲಿ ಈ ಗ್ರಹಿಕೆ ಎಷ್ಟು ತಪ್ಪೋ ಬೇರೆ ಯಾವ ಅಂಗದ ವಿಷಯದಲ್ಲಿಯೂ ಬಹುಶಃ ಅಷ್ಟು ತಪ್ಪಲ್ಲ.

ಈ ನಂಬಿಕೆಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಾಗದು. ಅದರ ಹಿಂದೆ ಕಣ್ಣಾರೆ ಕಂಡ ಅನುಭವವುಂಟು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೆಂಬ ಕ್ಯಾನ್ಸರ್ ಆಸ್ಪತ್ರೆಯು ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಮೇಲೂ, ನಮ್ಮ ಹಳ್ಳಿಗಳಿಂದ ಅಲ್ಲಿಗೆ ಹೋದವರಲ್ಲಿ ಅನೇಕರು ಬಾಯಿಯ, ಅನ್ನನಾಳದ, ಗರ್ಭಕೊರಳಿನ ಹುಣ್ಣುಗಳು ಬಲಿತು ಕೈಮೀರಿದ ಬಳಿಕ ಹೋದವರು. ಹಾಗೆ ಹೋದವರನ್ನು ಮೊದಲು ಸೂಜಿಯಿಂದ ಪರೀಕ್ಷಿಸಿದರು, ಆಮೇಲೆ ಹೆಸರು ಹೇಳಿದರು, ಆಮೇಲೆ ಕೆಲವು ತಿಂಗಳಲ್ಲಿ ಅವರು ತೀರಿಕೊಂಡರು. ಈ ಮೂರನ್ನೂ ಒಂದರ ಹಿಂದೊಂದಾಗಿ ಕಂಡ ಬಂಧುಗಳು ಮೊದಲಿನದೇ ಕೊನೆಯದಕ್ಕೆ ಕಾರಣವೆಂದು ಭಾವಿಸಿದರೆ ಅದು ಮನುಷ್ಯಸಹಜವಾದ ತರ್ಕದೋಷವೇ ಹೊರತು ಮೂಢತೆಯಲ್ಲ. ಕಿರಿಯರ ಆತುರಕ್ಕೂ ಆಧಾರವಿದೆ: ಬಾಯಿಯ ಹುಣ್ಣಿನ ವಿಷಯದಲ್ಲಿ, ಗರ್ಭಕೊರಳಿನ ವಿಷಯದಲ್ಲಿ, ಬೇಗ ಕಂಡುಹಿಡಿದಷ್ಟೂ ಪ್ರಾಣ ಉಳಿಯುತ್ತದೆಂಬುದು ನಿರ್ವಿವಾದವಾದ ಸತ್ಯ. ಒಂದೆಡೆ ಸತ್ಯವಾದದ್ದನ್ನು ಎಲ್ಲೆಡೆಗೂ ಹಬ್ಬಿಸಿದ್ದರಲ್ಲಿ ಮಾತ್ರ ತಪ್ಪು ಹುಟ್ಟಿತು. ಕೌತುಕವೆಂದರೆ, ಈ ವಿವೇಚನೆಯಲ್ಲಿ ನಮ್ಮ ಪ್ರಾಚೀನರು ನಮಗಿಂತ ಎಚ್ಚರವಾಗಿದ್ದರು. ಸುಶ್ರುತಸಂಹಿತೆಯ ನಿದಾನಸ್ಥಾನವು ಗ್ರಂಥಿ, ಅಪಚಿ, ಅರ್ಬುದ, ಗಳಗಂಡ ಎಂಬ ನಾಲ್ಕು ಬಗೆಯ ಊತಗಳನ್ನು ಒಂದೇ ಅಧ್ಯಾಯದಲ್ಲಿ ಕೂರಿಸಿದ್ದರೂ ನಾಲ್ಕಕ್ಕೂ ಪ್ರತ್ಯೇಕ ಲಕ್ಷಣಗಳನ್ನು ಹೇಳಿದೆ. ಉಬ್ಬಿದ್ದೆಲ್ಲ ಒಂದಲ್ಲವೆಂಬ ಆ ಎಚ್ಚರವನ್ನು ನಾವು ಕಳೆದುಕೊಂಡಂತಿದೆ.

ಗೊಂದಲವು ಮಾತಿನಿಂದಲೇ ಮೊದಲಾಗುತ್ತದೆ. “ನನಗೆ ಥೈರಾಯ್ಡ್ ಇದೆ” ಎಂದು ಈಗ ಎಲ್ಲರೂ ಹೇಳುತ್ತಾರೆ. ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ, ಗಂಟಲಮಣಿಯ ಕೆಳಗೆ ಶ್ವಾಸನಾಳವನ್ನು ಮುಂದಿನಿಂದ ಅಪ್ಪಿಕೊಂಡು, ಎರಡು ರೆಕ್ಕೆಗಳ ಚಿಟ್ಟೆಯಂತೆ ಕುಳಿತು, ಸುಮಾರು ಇಪ್ಪತ್ತು ಗ್ರಾಂ ತೂಗುವ, ಆಹಾರದಲ್ಲಿರುವ ಅಯೊಡಿನ್ನನ್ನು ಹೀರಿ ಥೈರಾಕ್ಸಿನ್ ಎಂಬ ರಸವನ್ನು ತಯಾರಿಸತಕ್ಕ ಗ್ರಂಥಿ ಅದು, ಆರೋಗ್ಯವಂತರೆಲ್ಲರಿಗೂ ಇರುವಂಥದು. ಈ ಗ್ರಂಥಿಗೆ ಎರಡು ಬಗೆಯ ತೊಂದರೆಗಳು ಬರಬಹುದು. ಅವುಗಳನ್ನು ಬೇರೆಬೇರೆಯಾಗಿ ಗ್ರಹಿಸುವುದು ಅತ್ಯಗತ್ಯ. ರಸವು ಹೆಚ್ಚು ಅಥವಾ ಕಡಿಮೆಯಾಗುವುದು ಅದರ ಕೆಲಸಕ್ಕೆ ಸಂಬಂಧಿಸಿದ ತೊಂದರೆ, ಅದನ್ನು ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆ ತಿಳಿಸುತ್ತದೆ. ಗ್ರಂಥಿಯಲ್ಲಿ ಗಂಟು ಬೆಳೆಯುವುದು ಅದರ ರಚನೆಗೆ ಸಂಬಂಧಿಸಿದ್ದು. ಅದನ್ನು ಆ ರಕ್ತಪರೀಕ್ಷೆ ತಿಳಿಸಲಾರದು. ಕ್ಯಾನ್ಸರ್ ಇರುವವರಲ್ಲಿ ಬಹುಮಂದಿಯ ಟಿ.ಎಸ್.ಎಚ್. ಸರಿಯಾಗಿಯೇ ಇರುತ್ತದೆ. ಆದುದರಿಂದ “ಬ್ಲಡ್ ರಿಪೋರ್ಟ್ ನಾರ್ಮಲ್ ಬಂತು, ಗಂಟಿನ ಯೋಚನೆ ಬೇಡ” ಎಂಬ ಸಮಾಧಾನಕ್ಕೆ ಬುಡವಿಲ್ಲ. “ನನಗೆ ಥೈರಾಯ್ಡ್ ಇದೆ, ಅದು ಮುಂದೆ ಕ್ಯಾನ್ಸರ್ ಆಗುತ್ತದೆ” ಎಂಬ ಭಯಕ್ಕೂ ಇಲ್ಲ. ನೋವಿನ ವಿಚಾರವೂ ಇಂಥದೇ. ನೋಯದ ಗಂಟು ಸಾಧುವೆಂದು ಜನ ತಿಳಿಯುತ್ತಾರೆ. ಈ ಗ್ರಂಥಿಯ ಅರ್ಬುದವು ಸಾಮಾನ್ಯವಾಗಿ ನೋಯುವುದೇ ಇಲ್ಲ, ಹಠಾತ್ತಾಗಿ ನೋಯುವುದು ಹೆಚ್ಚಾಗಿ ನೀರುಗಂಟಿನೊಳಗೆ ರಕ್ತ ಸೇರಿದಾಗ ಅಥವಾ ಗ್ರಂಥಿಯೇ ಊದಿಕೊಂಡಾಗ. ಉಪ್ಪಿನ ವಿಷಯದಲ್ಲಿ ಒಂದು ಮಾತು ಸಾಕು. ಬೇಲೂರಿಗೆ ತಾಗಿಕೊಂಡ ಚಿಕ್ಕಮಗಳೂರಿನ ಮಲೆನಾಡು ಅಯೊಡಿನ್ ಕೊರತೆಯ ಗಳಗಂಡಕ್ಕೆ ಹೆಸರಾದದ್ದು; 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮದ ಫಲವಾಗಿ ಬಂದ ಅಯೊಡಿನ್ ಬೆರೆತ ಉಪ್ಪು ಆ ಕೊರತೆಯನ್ನು ತಡೆಯುತ್ತದೆ. ಆದರೆ ಈಗಾಗಲೇ ಬೆಳೆದು ನಿಂತ ಗಂಟನ್ನು ಆ ಉಪ್ಪು ಕರಗಿಸದು, ಅದು ಯಾವ ಜಾತಿಯದೆಂದು ಹೇಳಲೂ ಆರದು.

ಇನ್ನು ಗಂಟೆಂದರೆ ಕ್ಯಾನ್ಸರೇ ಎಂಬ ಊಹೆಯನ್ನು ನೋಡೋಣ. ಕೈಗೆ ಸಿಗುವಷ್ಟು ದೊಡ್ಡ ಗಂಟು ನೂರು ಹೆಂಗಸರಲ್ಲಿ ಸುಮಾರು ಐವರಿಗೂ ನೂರು ಗಂಡಸರಲ್ಲಿ ಸುಮಾರು ಒಬ್ಬನಿಗೂ ಇರುತ್ತದೆ. ಸ್ಕ್ಯಾನಿಂಗ್ ಮಾಡಿ ಹುಡುಕಿದರೆ ಈ ಸಂಖ್ಯೆ ಹಲವು ಪಟ್ಟು ಏರಿ, ವಯಸ್ಸಾದ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಗೆ ಒಂದಲ್ಲ ಒಂದು ಗಂಟು ಕಂಡೀತು. ಪರೀಕ್ಷೆಗೊಳಪಟ್ಟ ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುವು ನೂರಕ್ಕೆ ಏಳರಿಂದ ಹದಿನೈದು. ಉಳಿದ ಎಂಬತ್ತೈದು ತೊಂಬತ್ತು ನಿರುಪದ್ರವಿಗಳಿಂದ ಆ ಹತ್ತು ಹದಿನೈದನ್ನು ಬೇರ್ಪಡಿಸಲು ಇರುವ ಸಾಧನವೇ ಹಿರಿಯರು ಬೇಡವೆನ್ನುವ ಸೂಜಿ. ಸ್ಕ್ಯಾನಿಂಗಿನಲ್ಲಿ ಗಂಟಿನ ಅಂಚು, ಒಳಗಿನ ಸುಣ್ಣದ ಚುಕ್ಕೆಗಳು, ಅಗಲಕ್ಕಿಂತ ಎತ್ತರ ಹೆಚ್ಚಾದ ಆಕಾರ ಮೊದಲಾದ ಲಕ್ಷಣಗಳನ್ನು ನೋಡಿ, ಯಾವ ಗಂಟಿಗೆ ಸೂಜಿ ಬೇಕು ಯಾವುದಕ್ಕೆ ಬೇಡ ಎಂಬುದನ್ನು ನಿಶ್ಚಯಿಸುತ್ತಾರೆ. ಬಳಿಕ, ರಕ್ತ ತೆಗೆಯುವ ಸೂಜಿಗಿಂತಲೂ ಸಣ್ಣದಾದ ಸೂಜಿಯಿಂದ ಕೆಲವು ಜೀವಕಣಗಳನ್ನು ಹೊರತೆಗೆದು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಸೂಜಿಯ ದಾರಿಯಲ್ಲಿ ರೋಗಕಣಗಳು ಉದುರಿ ಬೆಳೆದ ಉದಾಹರಣೆಯೇ ಇಲ್ಲವೇ ಎಂದು ಕೇಳಿದರೆ, ಇಲ್ಲವೆಂದು ನಾನು ಹೇಳಲಾರೆ. ವೈದ್ಯಗ್ರಂಥಗಳಲ್ಲಿ ಅಂಥವು ದಾಖಲಾಗಿವೆ. ಆದರೆ ಅವು ಅತ್ಯಂತ ವಿರಳ, ಕಂಡಾಗ ಪ್ರಾಯಶಃ ತೆಗೆದುಹಾಕಲು ಬರುವಂಥವು. ಅದಕ್ಕೆದುರಾಗಿ ಸೂಜಿಯನ್ನು ನಿರಾಕರಿಸಿದರೆ ಉಳಿಯುವ ದಾರಿಗಳು ಎರಡೇ: ಏನೆಂದು ತಿಳಿಯದೆ ಕಾಯುವುದು, ಇಲ್ಲವೇ ನಿರುಪದ್ರವಿಯಾದ ಹತ್ತಾರು ಗಂಟುಗಳನ್ನು ಅನುಮಾನದ ಮೇಲೆ ಕತ್ತರಿಸಿಹಾಕುವುದು. ಸೂಜಿಗೆ ಹೆದರಿದಾತನು ಕತ್ತಿಯನ್ನೇ ಆಹ್ವಾನಿಸಿದಂತಾಯಿತು.

ಸೂಜಿ ಪರೀಕ್ಷೆಯ ಉತ್ತರವು ಹೌದು ಅಲ್ಲಗಳೆಂಬ ಎರಡರಲ್ಲೇ ಬರಬೇಕೆಂದು ಬಯಸುವುದು ಮುಂದಿನ ಗೊಂದಲ. ಅಮೆರಿಕದ ಬೆಥೆಸ್ಡಾ ಎಂಬ ಊರಿನಲ್ಲಿ 2007ರಲ್ಲಿ ಸೇರಿದ ತಜ್ಞರು ರೂಪಿಸಿದ ಕ್ರಮದಂತೆ ಈ ಉತ್ತರಕ್ಕೆ ಆರು ಮೆಟ್ಟಿಲುಗಳಿವೆ. ಮೊದಲನೆಯದು ಸಾಕಷ್ಟು ಕಣಗಳು ಸಿಗಲಿಲ್ಲವೆಂದು, ಎರಡನೆಯದು ನಿರುಪದ್ರವಿಯೆಂದು, ಆರನೆಯದು ಕ್ಯಾನ್ಸರೆಂದು. ನಡುವಣ ಮೂರೂ ಸಂದೇಹದ ಬೇರೆಬೇರೆ ಪ್ರಮಾಣಗಳು. ಎರಡನೆಯ ಮೆಟ್ಟಿಲಿನ ಮಾತು ಸುಳ್ಳಾಗುವುದು ನೂರಕ್ಕೆ ಎರಡು ಮೂರು ಸಲ. ಆರನೆಯದು ಸುಳ್ಳಾಗುವುದೂ ಅಷ್ಟೇ ವಿರಳ. ನಡುವಣ ಉತ್ತರ ಬಂದವರು “ಡಾಕ್ಟರಿಗೇ ಗೊತ್ತಾಗಲಿಲ್ಲ” ಎಂದು ನಿರಾಶರಾಗುತ್ತಾರೆ. ಇಲ್ಲಿ ವೈದ್ಯನ ಕೌಶಲದ ಕೊರತೆಗಿಂತ ವಸ್ತುವಿನ ಸ್ವಭಾವವೇ ಅಡ್ಡಬಂದಿದೆ ಎಂಬುದನ್ನು ಒಂದು ಹೋಲಿಕೆಯಿಂದ ವಿಶದಪಡಿಸಬಹುದು. ಹೊಯ್ಸಳರ ದೋರಸಮುದ್ರದ ಕೋಟೆಯ ಗೋಡೆ ಇಂದಿನ ಹಳೇಬೀಡಿನ ಸುತ್ತ ಅಲ್ಲಲ್ಲಿ ಉಳಿದಿದೆಯಷ್ಟೆ. ಆ ಕೋಟೆಯೊಳಗಿನಿಂದ ನಾಲ್ವರನ್ನು ಹೊರಕ್ಕೆ ತಂದು ಅವರ ಮುಖಗಳನ್ನು ಎಷ್ಟೇ ಸೂಕ್ಷ್ಮವಾಗಿ ನೋಡಿದರೂ, ಗೋಡೆ ಎಲ್ಲಿಯಾದರೂ ಒಡೆದಿದೆಯೇ ಎಂಬುದು ತಿಳಿಯದು; ಅದಕ್ಕೆ ಗೋಡೆಯನ್ನು ಸುತ್ತುಹಾಕಿಯೇ ಬರಬೇಕು. ಫಾಲಿಕ್ಯುಲರ್ ಎಂಬ ಜಾತಿಯ ಗಂಟಿನ ಸ್ಥಿತಿ ಹೀಗೆಯೇ ಇದೆ. ನಿರುಪದ್ರವಿಯಾದ ಗಂಟಿನ ಕಣಕ್ಕೂ ಕ್ಯಾನ್ಸರಾದ ಗಂಟಿನ ಕಣಕ್ಕೂ ರೂಪದಲ್ಲಿ ಭೇದವಿಲ್ಲ. ಗಂಟನ್ನು ಸುತ್ತುವರಿದ ಹೊದಿಕೆಯನ್ನು ಭೇದಿಸಿ ಕಣಗಳು ಹೊರಬಿದ್ದಿವೆಯೇ, ರಕ್ತನಾಳದೊಳಕ್ಕೆ ಇಳಿದಿವೆಯೇ ಎಂಬುದರಲ್ಲಷ್ಟೆ ಭೇದ. ಸೂಜಿ ಒಳಗಿನವರನ್ನು ಮಾತ್ರ ತರುತ್ತದೆ. ಆದಕಾರಣ ಇಂಥ ಸಂದರ್ಭದಲ್ಲಿ ಗ್ರಂಥಿಯ ಒಂದು ರೆಕ್ಕೆಯನ್ನು ತೆಗೆದು ಅದರ ಹೊದಿಕೆಯನ್ನು ಸುತ್ತಲೂ ಪರೀಕ್ಷಿಸಿದ ಮೇಲೆಯೇ ನಿರ್ಣಯ ಸಾಧ್ಯ. ಅಲ್ಲಿ ಶಸ್ತ್ರಕ್ರಿಯೆಯೇ ಪರೀಕ್ಷೆಯೂ ಆಗಿರುತ್ತದೆ. ಒಂದು ರೆಕ್ಕೆ ತೆಗೆದ ಬಳಿಕ “ಕ್ಯಾನ್ಸರ್ ಅಲ್ಲ” ಎಂದು ವರದಿ ಬಂದಾಗ ಮೋಸಹೋದೆವೆಂದು ಕೊರಗುವ ಮನೆಯವರಿಗೆ ಇಷ್ಟನ್ನು ಮೊದಲೇ ಬಿಡಿಸಿ ಹೇಳುವವರು ಇದ್ದರೆ ಅದೆಷ್ಟೋ ಕಹಿ ತಪ್ಪೀತು.

ಈಗ ಮುಖ್ಯ ವಿಷಯಕ್ಕೆ ಬರೋಣ. ವರದಿಯಲ್ಲಿ ಕ್ಯಾನ್ಸರೆಂದೇ ಬಂತೆನ್ನಿ. ಆ ಒಂದು ಹೆಸರಿನ ಕೆಳಗೆ ಕಡಿಮೆಪಕ್ಷ ನಾಲ್ಕು ವ್ಯಾಧಿಗಳು ಅಡಗಿವೆ.

1. ಪ್ಯಾಪಿಲರಿ. ಹತ್ತರಲ್ಲಿ ಎಂಟು ಈ ಜಾತಿಯವು. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹಬ್ಬುವುದುಂಟು. ಹಾಗೆ ಹಬ್ಬಿದರೂ ರೋಗಿ ಹತ್ತಾರು ವರ್ಷ ಬಾಳುವುದು ಇಲ್ಲಿ ಸಾಮಾನ್ಯ.

2. ಫಾಲಿಕ್ಯುಲರ್. ಇದು ರಕ್ತದ ಮೂಲಕ ಎಲುಬಿಗೆ, ಶ್ವಾಸಕೋಶಕ್ಕೆ ಹೋಗಬಲ್ಲದು. ಅಯೊಡಿನ್ ಕೊರತೆಯ ಸೀಮೆಗಳಲ್ಲಿ ಇದರ ಪಾಲು ಹೆಚ್ಚು.

3. ಮೆಡುಲರಿ. ನೂರಕ್ಕೆ ನಾಲ್ಕೈದು. ಇದು ಥೈರಾಕ್ಸಿನ್ ತಯಾರಿಸುವ ಕಣಗಳಲ್ಲಿ ಹುಟ್ಟದೆ, ಅವುಗಳ ನಡುವೆ ಇರುವ ಬೇರೊಂದು ಜಾತಿಯ ಕಣಗಳಲ್ಲಿ ಹುಟ್ಟುತ್ತದೆ; ರಕ್ತದಲ್ಲಿ ಕ್ಯಾಲ್ಸಿಟೋನಿನ್ ಎಂಬ ರಸ ಏರುತ್ತದೆ; ಸುಮಾರು ನಾಲ್ಕರಲ್ಲೊಂದು ವಂಶಪಾರಂಪರ್ಯವಾಗಿ ಬಂದದ್ದು.

4. ಅನಾಪ್ಲಾಸ್ಟಿಕ್. ನೂರಕ್ಕೆ ಒಂದೆರಡು ಮಾತ್ರ. ವೃದ್ಧರಲ್ಲಿ, ಕೆಲವೊಮ್ಮೆ ಎಷ್ಟೋ ವರ್ಷಗಳಿಂದ ಸುಮ್ಮನಿದ್ದ ಗಳಗಂಡದಲ್ಲಿಯೇ, ವಾರಗಳ ಅವಧಿಯಲ್ಲಿ ಬೆಳೆದು ಉಸಿರು ಕಟ್ಟಿಸುತ್ತದೆ. ಅರ್ಧಕ್ಕರ್ಧ ರೋಗಿಗಳು ಸುಮಾರು ಆರು ತಿಂಗಳೊಳಗೇ ತೀರಿಕೊಳ್ಳುತ್ತಾರೆ.

ಮೊದಲನೆಯದನ್ನೂ ಕೊನೆಯದನ್ನೂ ಒಂದೇ ಶಬ್ದದಿಂದ ಕರೆದು, ಒಂದೇ ಭಯದಿಂದ ಕಂಡು, ಒಂದೇ ಆತುರದಿಂದ ಎದುರಿಸಬೇಕೆನ್ನುವುದು, ನೀರೊಳ್ಳೆಯೂ ನಾಗರವೂ ಹಾವೇ ಆದ್ದರಿಂದ ಎರಡಕ್ಕೂ ಒಂದೇ ಮದ್ದೆಂದಂತೆ. ಇದರ ಜೊತೆಗೆ ಇನ್ನೊಂದು ವಿಚಿತ್ರವಿದೆ. ರೋಗವು ಯಾವ ಘಟ್ಟದಲ್ಲಿದೆ ಎಂದು ಎಣಿಸುವಾಗ ಬೇರೆ ಕ್ಯಾನ್ಸರುಗಳಲ್ಲಿ ಗಂಟಿನ ಗಾತ್ರವನ್ನೂ ಹರಡುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪ್ಯಾಪಿಲರಿ ಫಾಲಿಕ್ಯುಲರ್‌ಗಳಲ್ಲಿ ರೋಗಿಯ ವಯಸ್ಸನ್ನೂ ತೆಗೆದುಕೊಳ್ಳುತ್ತಾರೆ. 2018ರಿಂದ ಜಾರಿಯಲ್ಲಿರುವ ಎಣಿಕೆಯಂತೆ 55 ವರ್ಷಕ್ಕೆ ಕೆಳಗಿನವರಲ್ಲಿ ಈ ಜಾತಿಗಳು ಶ್ವಾಸಕೋಶಕ್ಕೆ ಹರಡಿದ್ದರೂ ಎರಡನೆಯ ಘಟ್ಟವನ್ನು ಮೀರವು. ನಾಲ್ಕನೆಯ ಘಟ್ಟವೆಂದರೆ ಅಂತ್ಯಘಟ್ಟವೆಂದೂ ಹರಡಿತೆಂದರೆ ಮುಗಿಯಿತೆಂದೂ ತಿಳಿದವರಿಗೆ ಇದು ನಂಬಲಾಗದ ಮಾತಾಗಿ ತೋರೀತು. ಆದರೆ ದಶಕಗಟ್ಟಲೆ ರೋಗಿಗಳನ್ನು ಅನುಸರಿಸಿ ನೋಡಿದ ಮೇಲೆ ಮಾಡಿದ ಎಣಿಕೆ ಇದು.

“ಆಗಲಿ, ಸೌಮ್ಯವೇ ಇರಲಿ, ಆದರೂ ಬೇಗ ಹುಡುಕಿ ತೆಗೆದರೆ ನಷ್ಟವೇನು?” ಎಂಬುದು ಕಿರಿಯರ ಪಕ್ಷದ ಅತ್ಯಂತ ಬಲವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಒಂದು ಇಡೀ ದೇಶವೇ ತನ್ನ ಅನುಭವದಿಂದ ಕೊಟ್ಟಿದೆ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರ್ಕಾರವು ಬೇರೆ ಕ್ಯಾನ್ಸರುಗಳಿಗಾಗಿ ತಪಾಸಣೆಯ ಯೋಜನೆಯನ್ನು ಆರಂಭಿಸಿದಾಗ, ಆಸ್ಪತ್ರೆಗಳು ಅಲ್ಪ ಶುಲ್ಕಕ್ಕೆ ಕೊರಳಿನ ಸ್ಕ್ಯಾನಿಂಗನ್ನೂ ಜೊತೆಗೂಡಿಸಿದುವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರೆಂದು ಗುರುತಿಸಲ್ಪಟ್ಟವರ ಪ್ರಮಾಣ 1993ರಲ್ಲಿದ್ದುದರ ಹದಿನೈದು ಪಟ್ಟಾಗಿ, ಆ ಒಂದೇ ವರ್ಷದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕು ಜನರಿಗೆ ಆ ಹೆಸರು ಬಿತ್ತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಹಿಂದೆ ಇದ್ದಷ್ಟೇ ಇತ್ತು. ಇಲ್ಲಿ ತರ್ಕವನ್ನು ಬಿಗಿಯಾಗಿ ಹಿಡಿಯಬೇಕು. ರೋಗವೇ ನಿಜವಾಗಿ ಹೆಚ್ಚಿದ್ದರೆ ಸಾವೂ ಹೆಚ್ಚಬೇಕಿತ್ತು. ಬೇಗ ಕಂಡುಹಿಡಿದದ್ದು ಪ್ರಾಣರಕ್ಷಕವಾಗಿದ್ದರೆ ಸಾವು ಇಳಿಯಬೇಕಿತ್ತು. ಹೆಚ್ಚಳವೂ ಇಳಿತವೂ ಖಚಿತವಾಗಿ ಸರಿದೂಗಿಕೊಂಡವೆಂದು ವಾದಿಸುವವರು ವಾದಿಸಬಹುದು; ಆದರೆ ಹುಡುಕದಿದ್ದರೆ ಎಂದೂ ತಲೆಯೆತ್ತದಿದ್ದ ಗಂಟುಗಳನ್ನು ಹುಡುಕಿ ತೆಗೆದರೆಂಬ ವಿವರಣೆ ಅದಕ್ಕಿಂತ ಸರಳ, ಮತ್ತು ಅದಕ್ಕೆ ಸ್ವತಂತ್ರವಾದ ಸಾಕ್ಷ್ಯವೂ ಉಂಟು. ಫಿನ್ಲೆಂಡಿನ ವೈದ್ಯರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಕಾರಣಗಳಿಂದ ಸತ್ತ 101 ಮಂದಿಯ ಗ್ರಂಥಿಗಳನ್ನು ತೆಳುವಾಗಿ ಹೆರೆದು ನೋಡಿದಾಗ 36 ಮಂದಿಯಲ್ಲಿ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಅಡಗಿತ್ತು. ಅವರು ಅದನ್ನು ಹೊತ್ತು ಬಾಳಿದರು, ಅದರಿಂದ ಸಾಯಲಿಲ್ಲ. ನಷ್ಟವೇನೆಂಬುದಕ್ಕೂ ಕೊರಿಯಾದಲ್ಲಿಯೇ ಉತ್ತರವಿದೆ: ಶಸ್ತ್ರಕ್ರಿಯೆಗೊಳಗಾದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ರಕ್ತದ ಸುಣ್ಣದಂಶವನ್ನು ಕಾಯುವ ಉಪಗ್ರಂಥಿಗಳು ಕೆಟ್ಟುವು, ಇಬ್ಬರಿಗೆ ಧ್ವನಿಯ ನರಕ್ಕೆ ಪೆಟ್ಟುಬಿತ್ತು. ನಮ್ಮ ನೆರೆಯ ತಿರುವನಂತಪುರದಲ್ಲಿಯೂ ಹೆಂಗಸರಲ್ಲಿ ಈ ಹೆಸರು ಅಸಾಧಾರಣವಾಗಿ ಏರಿದ್ದು, ಅಲ್ಲಿಯೂ ಅತಿಯಾದ ತಪಾಸಣೆಯೇ ಕಾರಣವಿರಬೇಕೆಂದು ವೈದ್ಯರು ತರ್ಕಿಸಿದ್ದಾರೆ. ಕಿದ್ವಾಯಿ ಸಂಸ್ಥೆಯು 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಅಂಥ ನೋಂದಣಿಯ ಅಂಕಿಗಳನ್ನು ಓದುವಾಗ, ಪುಸ್ತಕದಲ್ಲಿ ಹೆಸರುಗಳು ಹೆಚ್ಚಿದುವೆಂದರೆ ದೇಹಗಳಲ್ಲಿ ರೋಗ ಹೆಚ್ಚಿತೆಂದೇ ಅರ್ಥವಲ್ಲವೆಂಬುದನ್ನು ನೆನಪಿಡಬೇಕು.

ಜಪಾನಿನ ಕೋಬೆ ನಗರದ ಕೂಮಾ ಆಸ್ಪತ್ರೆಯ ವೈದ್ಯರಾದ ಅಕಿರಾ ಮಿಯಾವುಚಿಯವರು 1993ರಿಂದ ಒಂದು ಧೈರ್ಯದ ಮಾರ್ಗವನ್ನು ಹಿಡಿದರು. ಒಂದು ಸೆಂಟಿಮೀಟರಿಗೆ ಮೀರದ, ಅಪಾಯಲಕ್ಷಣಗಳಿಲ್ಲದ ಪ್ಯಾಪಿಲರಿ ಗಂಟುಗಳನ್ನು ಕತ್ತರಿಸದೆ, ರೋಗಿಯ ಒಪ್ಪಿಗೆಯಿಂದ ಕಾಲಕಾಲಕ್ಕೆ ಸ್ಕ್ಯಾನಿಂಗ್ ಮಾಡಿ ಕಾದುನೋಡುವುದೇ ಆ ಮಾರ್ಗ. ಹಾಗೆ ಕಾದ 1,235 ಮಂದಿಯ ಲೆಕ್ಕದಂತೆ ಹತ್ತು ವರ್ಷಗಳಲ್ಲಿ ಗಂಟು ಮೂರು ಮಿಲಿಮೀಟರಿನಷ್ಟು ಬೆಳೆದದ್ದು ನೂರಕ್ಕೆ ಎಂಟು ಮಂದಿಯಲ್ಲಿ, ದುಗ್ಧಗ್ರಂಥಿಗೆ ಹಬ್ಬಿದ್ದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಈ ರೋಗದಿಂದ ಒಬ್ಬರೂ ಸಾಯಲಿಲ್ಲ. ಬೆಳೆದವರಿಗೆ ಆಮೇಲೆ ಶಸ್ತ್ರಕ್ರಿಯೆ ಮಾಡಿದರೂ ಫಲ ಕೆಡಲಿಲ್ಲ. ಹಾಗಾದರೆ ನಮ್ಮಲ್ಲಿಯೂ ಕಾಯೋಣವೇ ಎಂದರೆ, ಇಲ್ಲಿ ನಾನು ತಡೆದು ನಿಲ್ಲುತ್ತೇನೆ. ಕಾಯುವುದಕ್ಕೂ ಸುಮ್ಮನಿರುವುದಕ್ಕೂ ಬಹಳ ಅಂತರವುಂಟು. ಕಾಯುವುದೆಂದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಅದೇ ಗಂಟನ್ನು ಅದೇ ಕ್ರಮದಲ್ಲಿ ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯಬಲ್ಲ ಪರಿಣತರ ಬಳಿಗೆ, ಹತ್ತಾರು ವರ್ಷಗಳ ಪರ್ಯಂತ, ತಪ್ಪದೆ ಹೋಗುವುದು. ಹಳೇಬೀಡಿನ ಬಳಿಯ ಹಳ್ಳಿಯೊಂದರ ಕೂಲಿಯ ಹೆಂಗಸು ಹಾಸನಕ್ಕೊಮ್ಮೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚೂ ಬಂತು. ಮೂರನೆಯ ಸಲಕ್ಕೆ ಮನೆಯವರು ಬೇಡವೆಂದಾರು. ಅಂಥವಳಿಗೆ ಒಂದು ರೆಕ್ಕೆಯನ್ನು ತೆಗೆಸಿ ನಿಶ್ಚಿಂತಳಾಗಿರುವುದೇ ಯುಕ್ತವೆಂದು ಅನುಭವಿಗಳಾದ ವೈದ್ಯರು ಹೇಳಿದರೆ ಅದನ್ನು ನಾನು ತಪ್ಪೆನ್ನಲಾರೆ. ಒಂದೇ ಗಂಟಿಗೆ ಕೋಬೆಯಲ್ಲಿ ಒಂದು ಉತ್ತರ, ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಉತ್ತರ, ಎರಡೂ ವಿವೇಕಯುತವಾಗಿರಬಹುದು. ಆದರೆ ಯಾವ ಲಕ್ಷಣವೂ ಇಲ್ಲದ ಆರೋಗ್ಯವಂತರ ಕೊರಳನ್ನು ಶಿಬಿರಗಳಲ್ಲಿ ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡುವುದು ಎರಡು ಕಡೆಯೂ ಅವಿವೇಕವೇ.

ಚಿಕಿತ್ಸೆಯ ವಿಷಯದಲ್ಲಿ ಇನ್ನೂ ದಟ್ಟವಾದ ಮಬ್ಬು ಕವಿದಿದೆ. ಕ್ಯಾನ್ಸರೆಂದೊಡನೆ ಕೂದಲುದುರಿಸುವ ಔಷಧ, ಕರೆಂಟೆಂದು ಕರೆಯುವ ವಿಕಿರಣ ಎಂಬೆರಡೇ ಜನರ ಕಣ್ಣಿಗೆ ಕಟ್ಟುತ್ತವೆ. ಪ್ಯಾಪಿಲರಿ ಫಾಲಿಕ್ಯುಲರ್‌ಗಳಲ್ಲಿ ಇವೆರಡೂ ಸಾಮಾನ್ಯವಾಗಿ ಬೇಡ. ಮೊದಲನೆಯ ಉಪಾಯ ಶಸ್ತ್ರಕ್ರಿಯೆ. ಸ್ವಿಟ್ಸರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಚರ್ ಈ ಗ್ರಂಥಿಯ ಶಸ್ತ್ರಕ್ರಿಯೆಯನ್ನು ಪ್ರಾಣಾಂತಿಕವಾದ ಸ್ಥಿತಿಯಿಂದ ಸುರಕ್ಷಿತವಾದ ಸ್ಥಿತಿಗೆ ತಂದು 1909ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಾತ. ಗ್ರಂಥಿಯನ್ನು ಸಂಪೂರ್ಣವಾಗಿ ತೆಗೆದ ತನ್ನ ರೋಗಿಗಳು ಬರಬರುತ್ತ ಜಡರೂ ಮಂದಬುದ್ಧಿಗಳೂ ಆದರೆಂಬುದನ್ನು 1883ರಲ್ಲಿ ಮರೆಮಾಚದೆ ಪ್ರಕಟಿಸಿದವನೂ ಆತನೇ. ಗ್ರಂಥಿಯ ರಸ ಜೀವಕ್ಕೆ ಅವಶ್ಯವೆಂಬ ಅರಿವು ಅದರಿಂದ ಸ್ಥಿರಪಟ್ಟಿತು. ಆ ರಸವನ್ನೇ ಇಂದು ಗುಳಿಗೆಯಾಗಿ ಕೊಡಲು ಬರುವುದರಿಂದ ಪೂರ್ಣ ತೆಗೆಯುವುದು ಸಾಧ್ಯವಾಗಿದೆ. ಹಾಗೆಂದು ಎಲ್ಲರಿಗೂ ಪೂರ್ಣ ತೆಗೆಯಬೇಕೆಂದಿಲ್ಲ; ನಾಲ್ಕು ಸೆಂಟಿಮೀಟರಿನೊಳಗಿನ, ಗ್ರಂಥಿಯ ಹೊರಗೆ ಹಬ್ಬದ ಗಂಟಿಗೆ ಒಂದು ರೆಕ್ಕೆಯನ್ನು ತೆಗೆದರೆ ಸಾಕಾಗುವ ಸಂದರ್ಭಗಳು ಬಹಳ. “ಅರ್ಧ ಬಿಟ್ಟರು, ಆದ್ದರಿಂದ ಅರ್ಧ ರೋಗ ಉಳಿಯಿತು” ಎಂದು ಎಣಿಸಬಾರದು. ಧ್ವನಿಯ ನರವೂ ಸುಣ್ಣದಂಶವನ್ನು ಕಾಯುವ ನಾಲ್ಕು ಪುಟ್ಟ ಉಪಗ್ರಂಥಿಗಳೂ ಇದೇ ಜಾಗದಲ್ಲಿರುವುದರಿಂದ, ಈ ಕೆಲಸವನ್ನು ಪದೇಪದೇ ಮಾಡಿ ಪಳಗಿದ ಕೈಯನ್ನು ಹುಡುಕಿಕೊಂಡು ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಬೇಕಾದರೆ ಆ ಪ್ರಯಾಣ ಸಾರ್ಥಕವೇ; ವಾರವೆರಡು ವಾರ ತಡವಾದರೆ ಸೌಮ್ಯ ಜಾತಿಗಳಲ್ಲಿ ಕೇಡಿಲ್ಲ.

ಎರಡನೆಯ ಉಪಾಯವಾದ ವಿಕಿರಣ ಅಯೊಡಿನ್ನನ್ನೇ ಜನ ಕರೆಂಟೆಂದು ತಪ್ಪಾಗಿ ತಿಳಿಯುತ್ತಾರೆ. ಕರೆಂಟು ಹೊರಗಿನ ಯಂತ್ರದಿಂದ ಬರುವಂಥದು. ಇದು ನುಂಗುವ ಗುಳಿಗೆ ಅಥವಾ ಕುಡಿಯುವ ದ್ರವ. ದೇಹದಲ್ಲಿ ಅಯೊಡಿನ್ನನ್ನು ಆಸೆಯಿಂದ ಹೀರಿಕೊಳ್ಳುವುದು ಮುಖ್ಯವಾಗಿ ಥೈರಾಯ್ಡ್ ಕಣವೇ. ಎಲುಬಿನಲ್ಲಿ ಹೋಗಿ ನೆಲೆಸಿದ ಫಾಲಿಕ್ಯುಲರ್ ಕಣವೂ ಅನೇಕವೇಳೆ ಆ ಹುಟ್ಟುಗುಣವನ್ನು ಮರೆಯದು. ವಿಕಿರಣವನ್ನು ಸೂಸುವ ಅಯೊಡಿನ್ 131ನ್ನು ಕೊಟ್ಟರೆ ಆ ಕಣವು ತನ್ನ ನಾಶವನ್ನು ತಾನೇ ಹೀರಿಕೊಳ್ಳುತ್ತದೆ. ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯಲ್ ಸೀಡ್ಲಿನ್ 1943ರಲ್ಲಿ ಹರಡಿದ ರೋಗವಿದ್ದವನೊಬ್ಬನಿಗೆ ಇದನ್ನು ಕೊಟ್ಟು ಮಾರ್ಗವನ್ನು ತೆರೆದನು. ನಮ್ಮ ದೇಶದಲ್ಲಿ 1963ರಲ್ಲಿ ಮುಂಬಯಿಯಲ್ಲಿ ಆರಂಭವಾದ ವಿಕಿರಣ ವೈದ್ಯಕೀಯ ಕೇಂದ್ರ ಈ ಚಿಕಿತ್ಸೆಯನ್ನು ಬೆಳೆಸಿತು. ಅಯೊಡಿನ್ 131ರ ಶಕ್ತಿ ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ, ಕೆಲವು ದಿನ ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರವಿರಬೇಕು. ಚಿಕಿತ್ಸೆ ಪಡೆಯುವವಳು ಗರ್ಭಿಣಿಯಾಗಿರಕೂಡದು, ಹಾಲೂಡಿಸುತ್ತಲೂ ಇರಕೂಡದು. ಆದರೆ ರೋಗಿ ಎಂದೆಂದಿಗೂ ಅಸ್ಪೃಶ್ಯಳೆಂಬಂತೆ ತಟ್ಟೆ ಲೋಟಗಳನ್ನು ವರ್ಷಗಟ್ಟಲೆ ಬೇರೆಯಿಡುವುದು ಕ್ರೌರ್ಯ. ಮತ್ತು ಇದೂ ಎಲ್ಲರಿಗೂ ಬೇಕಾದದ್ದಲ್ಲ: ಅಪಾಯ ಕಡಿಮೆಯಿರುವ ರೋಗಿಗಳಲ್ಲಿ ಇದನ್ನು ಕೊಟ್ಟರೂ ಬಿಟ್ಟರೂ ಮೂರು ವರ್ಷಗಳ ಬಳಿಕ ಫಲ ಸಮವೇ ಎಂದು ಫ್ರಾನ್ಸಿನ ವೈದ್ಯರು 2022ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಮೆಡುಲರಿಯ ಕಣವಂತೂ ಅಯೊಡಿನ್ನನ್ನು ಹೀರುವುದೇ ಇಲ್ಲವಾದ್ದರಿಂದ ಅಲ್ಲಿ ಇದು ಕೇವಲ ವ್ಯರ್ಥ.

ಮೂರನೆಯದು ದಿನನಿತ್ಯದ ಥೈರಾಕ್ಸಿನ್ ಗುಳಿಗೆ. “ಸಾಯೋತನಕ ಮಾತ್ರೆ ನುಂಗಬೇಕಂತೆ, ಅಂದರೆ ವಾಸಿಯಾಗಿಲ್ಲ” ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅದು ರೋಗಕ್ಕೆ ಕೊಡುವ ಔಷಧವೆನ್ನುವುದಕ್ಕಿಂತ, ತೆಗೆದ ಗ್ರಂಥಿಯು ಮಾಡುತ್ತಿದ್ದ ರಸದ ಪ್ರತಿನಿಧಿಯೆನ್ನುವುದೇ ಸರಿ. ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಾಫಿ ಅದನ್ನು ಕರುಳು ಹೀರದಂತೆ ತಡೆಯುತ್ತದೆಂಬುದನ್ನು ಬೇಲೂರಿನಂಥ ಕಾಫಿಯ ಸೀಮೆಯಲ್ಲಿ ಒತ್ತಿ ಹೇಳಬೇಕಾಗಿದೆ. ಕಬ್ಬಿಣದ, ಸುಣ್ಣದಂಶದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು.

ಕೊನೆಯದಾಗಿ ಒಂದು ಗಂಭೀರವಾದ ಆಕ್ಷೇಪಣೆಯನ್ನು ಎದುರಿಸಬೇಕು. ಕ್ಯಾನ್ಸರಿನಲ್ಲಿಯೂ ಸೌಮ್ಯವಾದದ್ದುಂಟೆಂದು ಹೇಳಿದರೆ, ಮೊದಲೇ ಆಸ್ಪತ್ರೆಗೆ ಹೋಗಲು ಹಿಂಜರಿಯುವ ಜನ ಇದನ್ನೇ ನೆಪಮಾಡಿಕೊಂಡು ಮನೆಯಲ್ಲೇ ಕುಳಿತಾರು. ಭಯವಾದರೂ ಅವರನ್ನು ವೈದ್ಯರ ಬಳಿಗೆ ಅಟ್ಟಲಿ, ಎಂಬುದು ಅದು. ಆಕ್ಷೇಪಣೆಯ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ಸೀಮೆಯಲ್ಲಿ ಜನರನ್ನು ಮನೆಯಲ್ಲಿ ಕೂರಿಸಿರುವುದು ಆ ಭಯವೇ ಅಲ್ಲವೆ? ಹೆಸರು ಬಿದ್ದರೆ ಸಾವೆಂದು ನಂಬಿದಾತನು ಹೆಸರು ಬೀಳದಂತೆ ನೋಡಿಕೊಳ್ಳುತ್ತಾನೆ. ಮದುವೆಯಾಗದ ಮಗಳ ಕೊರಳ ಗಂಟನ್ನು ಸೆರಗಿನಿಂದ ಮುಚ್ಚುತ್ತಾರೆ. ವಿಂಗಡಿಸಿ ತಿಳಿಯುವುದರಿಂದ ಅಲಕ್ಷ್ಯ ಹುಟ್ಟುವುದಿಲ್ಲ. ಎಲ್ಲಿ ಅವಸರಪಡಬೇಕೆಂಬುದೂ ವಿಂಗಡಣೆಯಿಂದಲೇ ತಿಳಿಯತಕ್ಕದ್ದು. ವಾರಗಳಲ್ಲಿ ಬೆಳೆಯುವ ಗಂಟು, ಕಲ್ಲಿನಂತೆ ಗಟ್ಟಿಯಾಗಿ ಅಲುಗದ ಗಂಟು, ಒಡೆದ ಧ್ವನಿ, ನುಂಗಲು ಉಸಿರಾಡಲು ತೊಡಕು, ಕುತ್ತಿಗೆಯ ಪಕ್ಕದಲ್ಲಿ ಬೇರೆ ಗಡ್ಡೆಗಳು, ಮಗುವಿನ ಕೊರಳಲ್ಲಿ ಗಂಟು, ಎಳೆಯತನದಲ್ಲಿ ಕುತ್ತಿಗೆಗೆ ವಿಕಿರಣ ತಗಲಿದ ಚರಿತ್ರೆ: ಇವುಗಳಲ್ಲಿ ಒಂದಿದ್ದರೂ ಆ ವಾರವೇ ಹೊರಡಬೇಕು. ಮೆಡುಲರಿಯ ವಂಶವಾಹಿ ದೋಷ ಒಬ್ಬರಲ್ಲಿ ಕಂಡರೆ ಅವರ ಮಕ್ಕಳ, ಒಡಹುಟ್ಟಿದವರ ರಕ್ತವನ್ನು ಪರೀಕ್ಷಿಸಿ, ದೋಷವಿರುವ ಮಗುವಿನ ಗ್ರಂಥಿಯನ್ನು ಗಂಟು ಹುಟ್ಟುವುದಕ್ಕೆ ಮೊದಲೇ ತೆಗೆಯುವುದುಂಟು. ಕೋಬೆಯಲ್ಲಿ ಇರುವ ಕ್ಯಾನ್ಸರನ್ನೇ ತೆಗೆಯದೆ ಬಿಟ್ಟರು. ಇಲ್ಲಿ ಇಲ್ಲದ ಕ್ಯಾನ್ಸರಿಗಾಗಿ ತೆಗೆಯುತ್ತಾರೆ. ಎರಡಕ್ಕೂ ಹೆಸರು ಥೈರಾಯ್ಡ್ ಕ್ಯಾನ್ಸರೇ.

ಹೆಸರಿನ ಭಾರವನ್ನು ವೈದ್ಯಲೋಕವೇ ಅರಿತು ತಿದ್ದಿಕೊಂಡ ಸಂದರ್ಭವೊಂದಿದೆ. ಹೊದಿಕೆಯೊಳಗೇ ಉಳಿದ, ಎಲ್ಲಿಯೂ ಭೇದಿಸಿ ಹೊರಬೀಳದ, ಪ್ಯಾಪಿಲರಿಯ ಒಂದು ಪ್ರಭೇದವನ್ನು ಹಿಂದೆ ಕ್ಯಾನ್ಸರೆಂದೇ ಕರೆಯುತ್ತಿದ್ದರು. ಅಂಥವರನ್ನು ದೀರ್ಘಕಾಲ ಅನುಸರಿಸಿ ನೋಡಿದ ತಜ್ಞರು 2016ರಲ್ಲಿ ಅದರ ಹೆಸರಿನಿಂದ ಕ್ಯಾನ್ಸರೆಂಬ ಶಬ್ದವನ್ನೇ ತೆಗೆದುಹಾಕಿದರು. ಅದಕ್ಕೂ ಮುನ್ನ ಶಸ್ತ್ರಕ್ರಿಯೆಯಾಗಿ, “ನಿಮಗೆ ಕ್ಯಾನ್ಸರ್ ಇತ್ತು” ಎಂದು ಕೇಳಿಸಿಕೊಂಡು ಮನೆಗೆ ಬಂದವರು ನಮ್ಮ ತಾಲ್ಲೂಕುಗಳಲ್ಲಿಯೂ ಇದ್ದಾರು. ಅದರ ನೆರಳಿನಲ್ಲಿಯೇ ಮಕ್ಕಳ ಮದುವೆ ಮಾಡಿ, ಹಬ್ಬಹರಿದಿನಗಳನ್ನು ಕಳೆದವರು ಇದ್ದಾರು. ಅವರು ಏನು ಮಾಡಬೇಕೆಂದು ಕೇಳಿದರೆ ನಾನು ಹೇಳುವುದಿಷ್ಟೇ: ಶಸ್ತ್ರಕ್ರಿಯೆಯ ಬಳಿಕ ಪ್ರಯೋಗಶಾಲೆ ಕೊಟ್ಟ ವರದಿಯನ್ನು ಟ್ರಂಕಿನ ತಳದಿಂದ ಹುಡುಕಿ ತೆಗೆದು ವೈದ್ಯರಿಗೆ ತೋರಿಸಲಿ. ಜಾತಿ ಯಾವುದು, ಗಂಟು ಎಷ್ಟು ಸೆಂಟಿಮೀಟರ್, ಹೊದಿಕೆ ಒಡೆದಿತ್ತೇ, ರಕ್ತನಾಳದೊಳಗೆ ಇಳಿದಿತ್ತೇ, ಎಷ್ಟು ದುಗ್ಧಗ್ರಂಥಿಗಳನ್ನು ನೋಡಿದರು, ಎಷ್ಟರಲ್ಲಿತ್ತು ಎಂಬಿಷ್ಟೂ ಆ ಹಾಳೆಯಲ್ಲಿ ಬರೆದಿರುತ್ತದೆ.